ಯಾರಿಗೆ, ಯಾವಾಗ, ಏನು: ಪರಿಚಯದವರ ವಿವರ ಬರೆದಿಡುವ ಬಗೆ

ಹಳೇ ಮೈಸೂರು ಕಡೆಯ ಮದುವೆ ಮನೆಗಳಲ್ಲಿ ಮಂಟಪದಿಂದ ಸ್ವಲ್ಪ ಆಚೆ ಒಂದು ಮೇಜು ಹಾಕಿರುತ್ತಾರೆ. ಲೆಕ್ಕಪತ್ರದಲ್ಲಿ ಪಳಗಿದ ಹಿರಿಯರೊಬ್ಬರು ಅಲ್ಲಿ ಕೂತು, ಮೊದಲ ಪುಟಕ್ಕೆ ಅರಿಶಿನ ಕುಂಕುಮ ಹಚ್ಚಿದ ನೋಟ್‌ಬುಕ್ಕಿನಲ್ಲಿ ಬಂದವರ ಹೆಸರು, ಊರು, ಕೊಟ್ಟ ಮೊತ್ತ ಬರೆದುಕೊಳ್ಳುತ್ತಾರೆ. ಅದು ಮುಯ್ಯಿ ಪುಸ್ತಕ. ಮದುವೆ ಮುಗಿದ ಮೇಲೆ ಬೀರುವಿನಲ್ಲಿ ಮನೆಪತ್ರಗಳ ಜೊತೆ ಸೇರಿಕೊಳ್ಳುತ್ತದೆ. ಏಳೆಂಟು ವರ್ಷ ಕಳೆದು ಯಾರದೋ ಮನೆಯ ಲಗ್ನಪತ್ರಿಕೆ ಬಂದ ದಿನ ಮತ್ತೆ ಹೊರಗೆ. ಅವರು ಆಗ ಐನೂರು ಓದಿಸಿದ್ದಾರೆ, ಈಗ ನಾವು ಸಾವಿರಕ್ಕೆ ಕಮ್ಮಿ ಓದಿಸಿದರೆ ಚೆನ್ನಾಗಿರೋದಿಲ್ಲ. ಹೊಲದಲ್ಲಿ ಇದೇ ಪದ್ಧತಿ ಮುಯ್ಯಾಳಿನ ರೂಪದಲ್ಲಿ ನಡೆಯುತ್ತಿತ್ತು: ನಮ್ಮ ನಾಟಿಗೆ ಅವರ ಮನೆಯಿಂದ ಎರಡಾಳು ಬಂದರೆ ಅವರ ನಾಟಿಗೆ ನಮ್ಮ ಮನೆಯಿಂದ ಎರಡಾಳು.

ಹೆಳವರದು ಇನ್ನೊಂದು ಬಗೆ. ಎತ್ತಿನ ಮೇಲೆ ಊರೂರು ಸುತ್ತುತ್ತಾ, ಮನೆ ಮುಂದೆ ನಿಂತು ಆ ಮನೆತನದ ವಂಶಾವಳಿ ಹೇಳಿ, ಹಿಂದಿನ ಸಲ ಬಂದುಹೋದ ಮೇಲೆ ಹುಟ್ಟಿದ ಮಕ್ಕಳನ್ನೂ ಸೊಸೆಯಾಗಿ ಬಂದವರನ್ನೂ ಸೇರಿಸಿಕೊಂಡು, ದವಸವೋ ದುಡ್ಡೋ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದರು. ಕೆಲವು ಕಡೆ ಈಗಲೂ ಬರುತ್ತಾರೆ.

ಹಾಗಾಗಿ ಮನುಷ್ಯರ ಬಗ್ಗೆ ಬರೆದಿಡುವುದು ನಮ್ಮಲ್ಲಿ ಹೊಸದೂ ಅಲ್ಲ, ಅಪಚಾರವೂ ಅಲ್ಲ. ಆದರೆ ಮುಯ್ಯಿ ಪುಸ್ತಕದಲ್ಲಿ ಇರುವುದು ಕೊಟ್ಟದ್ದರ ಲೆಕ್ಕ, ಹೆಳವರಲ್ಲಿ ಇರುವುದು ಹುಟ್ಟಿದವರ ಲೆಕ್ಕ. ಈ ಮನೆಯವರಿಗೆ ಮುಂದೆ ಏನು ಬೇಕಾಗಬಹುದು, ಯಾವ ತಿಂಗಳಲ್ಲಿ ಬೇಕಾಗಬಹುದು ಎನ್ನುವ ಕಲಂ ಎರಡರಲ್ಲೂ ಇಲ್ಲ. ನಾನು ಹೇಳಹೊರಟಿರುವುದು ಆ ಕಲಮ್ಮಿನ ವಿಷಯ.

ಪರಿಚಯದವರಿಗೆ ನೆರವಾಗುವ ಮನಸ್ಸು ನಮ್ಮಲ್ಲಿ ಬಹಳ ಮಂದಿಗೆ ಇದೆ. ತಪ್ಪುವುದು ಹೊತ್ತು. "ಒಂದು ಮಾತು ಹೇಳಿದ್ರೆ ನಾನೇ ಬರ್ತಿದ್ನಲ್ಲ" ಎನ್ನುವುದು ಆಸ್ಪತ್ರೆ ಬಿಲ್ಲು ಕಟ್ಟಿಯಾದ ಮೇಲೆ, ಅರ್ಜಿಯ ಕೊನೇ ದಿನ ಕಳೆದ ಮೇಲೆ ಆಡುವ ಮಾತು. ಕಷ್ಟದಲ್ಲಿರುವವರು, ಅದರಲ್ಲೂ ಮರ್ಯಾದಸ್ಥರು, ತಾವಾಗಿ ಹೇಳುವುದು ಕಮ್ಮಿ. ಹೇಳಿದರೂ ಮಾತಿನ ನಡುವೆ ಹಾಗೇ ತೇಲಿಸಿಬಿಡುತ್ತಾರೆ. ಕೇಳಿಸಿಕೊಂಡವರು ಅದನ್ನು ಹಿಡಿದಿಟ್ಟುಕೊಂಡು, ಹೊತ್ತಿಗೆ ಸರಿಯಾಗಿ ತಾವೇ ಫೋನ್ ಮಾಡಬೇಕು.

ತಲೆಯಲ್ಲಿ ಎಷ್ಟು ಜನ

ಬ್ರಿಟನ್ನಿನ ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ 1992ರಲ್ಲಿ ಕೋತಿ, ವಾನರಗಳ ಮಿದುಳಿನ ಗಾತ್ರಕ್ಕೂ ಅವುಗಳ ಗುಂಪಿನ ಗಾತ್ರಕ್ಕೂ ಇರುವ ನಂಟನ್ನು ಲೆಕ್ಕ ಹಾಕಿ, ಮನುಷ್ಯ ನಿಜವಾಗಿ ಸಂಬಂಧ ಇಟ್ಟುಕೊಳ್ಳಬಲ್ಲದ್ದು ಸುಮಾರು 150 ಜನರೊಂದಿಗೆ ಎಂದರು. 2021ರಲ್ಲಿ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕವನ್ನು ಮತ್ತೆ ಹಾಕಿ, ಹೀಗೊಂದು ಖಚಿತ ಸಂಖ್ಯೆ ಹೇಳಲು ಬರುವುದಿಲ್ಲ ಎಂದರು. ಸಂಖ್ಯೆಯ ಜಗಳ ಅವರಿಗಿರಲಿ. ಡನ್‌ಬಾರ್ ಹೇಳಿದ ಸುತ್ತುಗಳ ಮಾತು ಮಾತ್ರ ಅನುಭವಕ್ಕೆ ಕೂಡುತ್ತದೆ: ತೀರಾ ಹತ್ತಿರದವರು ಐದು, ಆಪ್ತರು ಹದಿನೈದು, ಸ್ನೇಹಿತರು ಐವತ್ತು, ಆಮೇಲೆ ಉಳಿದವರು. ಮೊದಲ ಎರಡು ಸುತ್ತಿಗೆ ಪುಸ್ತಕ ಬೇಡ. ಅಮ್ಮನ ಬಿಪಿ ಮಾತ್ರೆ ಮುಗಿಯುವುದು ಯಾವಾಗ ಎಂದು ಯಾರೂ ಬರೆದಿಟ್ಟುಕೊಳ್ಳಬೇಕಾಗಿಲ್ಲ.

ಪುಸ್ತಕ ಬೇಕಾಗುವುದು ಹೊರಸುತ್ತಿಗೆ. ಹಳೆಯ ಸಹೋದ್ಯೋಗಿ, ಬಿಟ್ಟುಬಂದ ಬೀದಿಯ ಪಕ್ಕದ ಮನೆಯವರು, ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಸಿಗುವ ದಾಯಾದಿ. ಈ ಸುತ್ತಿನ ಬೆಲೆ ಎಷ್ಟೆಂದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ಲೇಖನದಲ್ಲಿ ತೋರಿಸಿದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಹಿಡಿದು, ಆ ಪರಿಚಯದವರನ್ನು ಎಷ್ಟು ಸಲ ನೋಡುತ್ತಿದ್ದಿರಿ ಎಂದು ಅವರು ಕೇಳಿದ್ದರು. ಪದೇಪದೇ ಎಂದವರು ನೂರಕ್ಕೆ 17ರಷ್ಟು. ಆಗೀಗ ಎಂದವರು 56ರಷ್ಟು. ಅಪರೂಪಕ್ಕೆ ಎಂದವರು 28ರಷ್ಟು. ಕಾರಣ ಸರಳ. ದಿನಾ ಜೊತೆಯಲ್ಲಿರುವವರಿಗೆ ನಮಗೆ ಗೊತ್ತಿರುವುದೇ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ಬೀದಿಯಲ್ಲಿ, ಬೇರೆ ಆಫೀಸಿನಲ್ಲಿ ಓಡಾಡುವವರಿಂದ. ಲಿಂಕ್ಡ್‌ಇನ್ ಬಳಸುವ ಎರಡು ಕೋಟಿ ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೂ ಹೆಚ್ಚುಕಮ್ಮಿ ಇದನ್ನೇ ಕಂಡಿತು.

ಕೆಲಸ ಹುಡುಕುವವರಿಗೆ ಉಪದೇಶ ಮಾಡಲು ಈ ಸಂಶೋಧನೆಯನ್ನು ಎಲ್ಲರೂ ಬಳಸುತ್ತಾರೆ: ಪರಿಚಯ ಬೆಳೆಸಿ, ಪ್ರಯೋಜನ ಪಡೆಯಿರಿ ಎಂದು. ನನಗೆ ಅದರಲ್ಲಿ ಆಸಕ್ತಿ ಕಡಿಮೆ. ತಿರುವಿ ನೋಡಿದರೆ, ಆಗೀಗ ಸಿಗುವವರಿಗೆ ನಾವೂ ಹೊಸ ಸುದ್ದಿ ತಲುಪಿಸಬಲ್ಲವರು ಎಂದಾಯಿತು. ನಮಗೆ ಮಾಮೂಲಾದ ಮಾಹಿತಿ ಅವರಿಗೆ ಉಪಕಾರ. ಆದರೆ ಹೊತ್ತಿಗೆ ಸರಿಯಾಗಿ ನೆನಪಾಗದೇ ಹೋಗುವವರೂ ಅವರೇ.

ಒಂದು ಪುಟ

ನನ್ನ ಪುಸ್ತಕದ ಒಂದು ಪುಟ ಇಲ್ಲಿದೆ. ಗುರುತು ಸಿಗದಂತೆ ಊರು, ವಿವರ ಬದಲಿಸಿದ್ದೇನೆ.

"ಚಿಕ್ಕಮ್ಮ, ಹಾಸನ. ಎಡಗಿವಿ ಮಂದ. ಬೆಳಿಗ್ಗೆ ಹತ್ತರೊಳಗೆ ಫೋನ್ ಬೇಡ, ಪೂಜೆ. ಚಿಕ್ಕಪ್ಪನ ರೈಲ್ವೆ ಫ್ಯಾಮಿಲಿ ಪೆನ್ಷನ್. ಪಿಪಿಓ ಜೆರಾಕ್ಸ್ ಬೀರುವಿನ ಕೆಳಗಿನ ಖಾನೆ. ಬೆರಳಚ್ಚು ಬೀಳೋದಿಲ್ಲ. ನವೆಂಬರ್ ಮೊದಲ ವಾರ ಲೈಫ್ ಸರ್ಟಿಫಿಕೇಟ್. ಬಲಗಣ್ಣಿನ ಪೊರೆ ಆಪರೇಷನ್ ಆಗಿದೆ, ಎಡಗಣ್ಣು ದಸರಾ ಕಳೆದು. ಬೀಗದ ಕೈ ಎದುರುಮನೆ ಟೀಚರ್ ಹತ್ತಿರ, ನಂಬರು ಕೆಳಗೆ. ನಾನು ಹೇಳಿದ್ದು: ಕಿವಿ ಮಿಷನ್ ರೇಟು ವಿಚಾರಿಸ್ತೀನಿ."

ಇದರಲ್ಲಿ ಹುಟ್ಟುಹಬ್ಬ ಇಲ್ಲ, ವಯಸ್ಸು ಇಲ್ಲ, ಅವರ ಸ್ವಭಾವದ ಬಗ್ಗೆ ಅಭಿಪ್ರಾಯ ಇಲ್ಲ. ಇರುವ ಒಂದೊಂದು ಸಾಲೂ ಯಾವುದೋ ಒಂದು ಕೆಲಸಕ್ಕೆ ಬರುವಂಥದ್ದು. ನವೆಂಬರಿನ ಸಾಲನ್ನೇ ಹಿಡಿದು ನೋಡೋಣ, ಒಂದು ಸಾಲಿನ ಹಿಂದೆ ಎಷ್ಟು ತಿಳಿವಳಿಕೆ ಬೇಕೆಂದು ಗೊತ್ತಾಗುತ್ತದೆ.

ಕೇಂದ್ರ ಸರ್ಕಾರದ ಪಿಂಚಣಿ ಪಡೆಯುವವರು ಪ್ರತಿವರ್ಷ ನವೆಂಬರಿನಲ್ಲಿ ತಾವು ಬದುಕಿರುವುದಕ್ಕೆ ಪ್ರಮಾಣಪತ್ರ ಕೊಡಬೇಕು. ಫ್ಯಾಮಿಲಿ ಪೆನ್ಷನ್ ಪಡೆಯುವ ಹೆಂಡತಿಗೂ ಇದು ತಪ್ಪಿದ್ದಲ್ಲ. 80 ತುಂಬಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶ. ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಆಮೇಲೆ ಕೊಟ್ಟರೆ ಬಾಕಿ ಸಮೇತ ಬರುತ್ತದೆ, ಆದರೆ ಆ ನಡುವಿನ ತಿಂಗಳುಗಳಲ್ಲಿ ಔಷಧಿಯ ಅಂಗಡಿಯವನು ಕಾಯುವುದಿಲ್ಲ. 2014ರ ನವೆಂಬರಿನಲ್ಲಿ ಜೀವನ್ ಪ್ರಮಾಣ್ ಬಂದ ಮೇಲೆ ಬೆರಳಚ್ಚು ಒತ್ತಿ ಆನ್‌ಲೈನಿನಲ್ಲೇ ಮುಗಿಸಬಹುದಾಯಿತು. ಆದರೆ ಜೀವಮಾನವಿಡೀ ಪಾತ್ರೆ ತಿಕ್ಕಿದ, ಕಳೆ ಕಿತ್ತ ಕೈಗಳ ಬೆರಳ ಗೆರೆ ಸವೆದಿರುತ್ತದೆ, ಯಂತ್ರ ಒಪ್ಪುವುದಿಲ್ಲ. 2021ರ ನವೆಂಬರಿನಿಂದ ಮುಖ ತೋರಿಸಿ ಮಾಡುವ ವಿಧಾನ ಸೇರಿದೆ. ಆಂಡ್ರಾಯ್ಡ್ ಫೋನು, ಆಧಾರ್ ಫೇಸ್ ಆರ್‌ಡಿ ಆಪ್, ಜೀವನ್ ಪ್ರಮಾಣ್ ಆಪ್, ಪಿಂಚಣಿ ಆದೇಶಪತ್ರದ (ಪಿಪಿಓ) ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ ಇದ್ದರೆ ಮನೆಯ ವರಾಂಡದಲ್ಲೇ ಆಗುತ್ತದೆ. ಬೆಳಕು ಮುಖದ ಮೇಲೆ ಬೀಳಬೇಕು. ಕಿಟಕಿಗೆ ಬೆನ್ನು ಮಾಡಿ ಕೂರಿಸಿದರೆ ಎಷ್ಟು ಸಲ ಕಣ್ಣು ಮಿಟುಕಿಸಿದರೂ ಹಿಡಿಯುವುದಿಲ್ಲ. ನಾವು ದೂರದಲ್ಲಿದ್ದರೆ ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುವ ಸೇವೆ 2020ರಿಂದ ಇದೆ, ಶುಲ್ಕ 70 ರೂಪಾಯಿ.

ಇನ್ನು ಕಂಪನಿ ಕೆಲಸದಿಂದ ನಿವೃತ್ತರಾಗಿ ಇಪಿಎಫ್ ಪಿಂಚಣಿ ಪಡೆಯುವವರ ಕತೆ ಬೇರೆ. ಅವರು ವರ್ಷದ ಯಾವ ತಿಂಗಳಲ್ಲಿ ಬೇಕಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಅಂದರೆ ಒಬ್ಬೊಬ್ಬರದು ಒಂದೊಂದು ತಿಂಗಳು. ಚಿಕ್ಕಮ್ಮನದು ನವೆಂಬರ್, ಹಳೆಯ ಫ್ಯಾಕ್ಟರಿ ಗೆಳೆಯನದು ಫೆಬ್ರವರಿ. ತಲೆಯಲ್ಲಿ ಇಟ್ಟುಕೊಳ್ಳುವ ಬಾಬತ್ತು ಇದಲ್ಲ.

ಪುಟ ತುಂಬುವ ಕ್ರಮ ಇಷ್ಟೇ: ಮಾತಾಡಿದ ಮೇಲೆ, ಫೋನ್ ಇಟ್ಟ ಕೂಡಲೇ ಒಂದು ಸಾಲು. ಮಾತಿನ ನಡುವೆ ಬರೆಯಬೇಡಿ, ಪೆನ್ನಿನ ಸದ್ದಿಗೆ ಎದುರಿನವರ ಮಾತು ಬಿಗಿಯುತ್ತದೆ. ರಾತ್ರಿ ಬರೆಯೋಣ ಎಂದು ಬಿಟ್ಟರೆ "ಏನೋ ಆಪರೇಷನ್ ಅಂದ್ರು" ಎನ್ನುವಷ್ಟು ಮಾತ್ರ ಉಳಿಯುತ್ತದೆ, ಯಾವ ಕಣ್ಣು, ಯಾವ ತಿಂಗಳು ಎಂಬುದು ಹೋಗಿರುತ್ತದೆ.

ರಕ್ತದ ಪಟ್ಟಿ

ಎಲ್ಲರ ವಾಟ್ಸಾಪಿಗೂ ಬರುವ ಸಂದೇಶ: ತುರ್ತಾಗಿ ಬಿ ನೆಗೆಟಿವ್ ಬೇಕು, ದಯವಿಟ್ಟು ಶೇರ್ ಮಾಡಿ. ಯಾವ ದಿನದ್ದೆಂದು ಗೊತ್ತಿಲ್ಲ, ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ, ಆರು ತಿಂಗಳಾದರೂ ಸುತ್ತುತ್ತಲೇ ಇರುತ್ತದೆ. ಇದರ ಬದಲು ಪರಿಚಯದವರಲ್ಲಿ ಕೊಡಲು ಸಿದ್ಧರಿರುವ ಇಪ್ಪತ್ತು ಜನರ ಪಟ್ಟಿ ಇದ್ದರೆ ನಾಲ್ಕು ಫೋನಿನಲ್ಲಿ ಕೆಲಸ ಆಗುತ್ತದೆ. ಷರತ್ತು ಒಂದೇ. ರಕ್ತದ ಗುಂಪಿನ ಪಕ್ಕದಲ್ಲಿ ಕಳೆದ ಸಲ ಕೊಟ್ಟ ದಿನಾಂಕ ಇರಬೇಕು.

ನಮ್ಮ ದೇಶದ ನಿಯಮದಂತೆ ಒಮ್ಮೆ ರಕ್ತ ಕೊಟ್ಟ ಗಂಡಸರು 90 ದಿನ, ಹೆಂಗಸರು 120 ದಿನ ಕಾಯಬೇಕು. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕಿಲೊ, ಹಿಮೋಗ್ಲೋಬಿನ್ 12.5 ಇರಬೇಕು. ಹಚ್ಚೆ ಹಾಕಿಸಿಕೊಂಡವರು ಒಂದು ವರ್ಷ ಕೊಡುವಂತಿಲ್ಲ. ಕಾಲೇಜು ಹುಡುಗರ ಪಟ್ಟಿ ಮಾಡುವಾಗ ಇದನ್ನು ಮರೆಯದೇ ಕೇಳಿ. ಪಟ್ಟಿಯಲ್ಲಿ ದಿನಾಂಕವಿಲ್ಲದಿದ್ದರೆ ಏನಾಗುತ್ತದೆಂದರೆ, ಊರಾಚೆಯಿಂದ ಆಟೋ ಹಿಡಿದು ಬಂದ ಹುಡುಗನನ್ನು ರಕ್ತನಿಧಿಯವರು ವಾಪಸ್ ಕಳಿಸುತ್ತಾರೆ, ರೋಗಿಯ ಕಡೆಯವರು ಇನ್ನೊಮ್ಮೆ ಮೊದಲಿಂದ ಹುಡುಕಬೇಕು.

ಪ್ಲೇಟ್ಲೆಟ್ಟಿನ ಲೆಕ್ಕವೇ ಬೇರೆ. ಯಂತ್ರದ ಮೂಲಕ ಪ್ಲೇಟ್ಲೆಟ್ ಮಾತ್ರ ತೆಗೆದು ಉಳಿದ ರಕ್ತವನ್ನು ವಾಪಸ್ ಕೊಡುವ ವಿಧಾನದಲ್ಲಿ 48 ಗಂಟೆ ಬಿಟ್ಟು ಮತ್ತೆ ಕೊಡಬಹುದು, ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚಿಲ್ಲ, ವರ್ಷಕ್ಕೆ 24 ಸಲ. ತೆಗೆದಿಟ್ಟ ಪ್ಲೇಟ್ಲೆಟ್ ಬಾಳುವುದು ಐದೇ ದಿನ. ಕೆಂಪು ರಕ್ತಕಣವಾದರೆ ಐದಾರು ವಾರ ಇಡಬಹುದು. ಡೆಂಗಿ ಮಳೆಗಾಲದಲ್ಲಿ ಪಟ್ಟಿಯಲ್ಲಿರುವವರನ್ನೆಲ್ಲ ಒಂದೇ ದಿನ ಆಸ್ಪತ್ರೆಗೆ ಓಡಿಸಬಾರದು ಎನ್ನುವುದು ಇದಕ್ಕೇ. ಇವತ್ತು ಇಬ್ಬರು, ಬೇಕಾದರೆ ನಾಡಿದ್ದು ಇಬ್ಬರು.

ಗುಂಪನ್ನು ಬಾಯಿಮಾತಿನ ಮೇಲೆ ಬರೆಯಬೇಡಿ, ಕಾರ್ಡ್ ನೋಡಿ ಬರೆಯಿರಿ. ಎಷ್ಟೋ ಜನಕ್ಕೆ ಹೈಸ್ಕೂಲಿನಲ್ಲಿ ಕೇಳಿದ ಗುಂಪೇ ಇವತ್ತಿಗೂ ಗುಂಪು. 1952ರಲ್ಲಿ ಡಾ. ವೈ. ಎಂ. ಭೇಂಡೆ ಮುಂಬೈಯಲ್ಲಿ ಗುರುತಿಸಿದ ಬಾಂಬೆ ಗುಂಪಿನವರು ಸಾಧಾರಣ ಪರೀಕ್ಷೆಯಲ್ಲಿ ಓ ಎಂದೇ ಕಾಣುತ್ತಾರೆ, ಆದರೆ ಅವರಿಗೆ ಓ ರಕ್ತ ಆಗುವುದಿಲ್ಲ. ಆಸ್ಪತ್ರೆಯವರು ಹೇಗೂ ಮತ್ತೆ ಪರೀಕ್ಷಿಸುತ್ತಾರೆ. ನಮ್ಮ ಪಟ್ಟಿಯ ಕೆಲಸ ಸರಿಯಾದ ಮನುಷ್ಯರನ್ನು ಬಾಗಿಲ ತನಕ ತಲುಪಿಸುವುದು.

ಮೇ, ಜೂನ್ ತಿಂಗಳ ಸಾಲುಗಳು

ಪರಿಚಯದ ಮನೆಗಳಲ್ಲಿ ಓದುವ ಮಕ್ಕಳಿದ್ದರೆ ಯಾವ ತರಗತಿ ಎಂದು ಬರೆಯಬೇಡಿ. ಮುಂದಿನ ವರ್ಷಕ್ಕೆ ಅದು ಸುಳ್ಳಾಗುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸುವ ವರ್ಷ ಬರೆಯಿರಿ. "2027 ಎಸ್ಸೆಸ್ಸೆಲ್ಸಿ" ಎಂದಿದ್ದರೆ ಯಾವ ವರ್ಷ ತೆಗೆದು ನೋಡಿದರೂ ಮಗು ಎಲ್ಲಿದೆ ಎಂದು ತಿಳಿಯುತ್ತದೆ.

ವಿದ್ಯಾರ್ಥಿವೇತನದ ಅರ್ಜಿಗಳು ರಾಜ್ಯದಲ್ಲಿ ಈಗ ಎಸ್‌ಎಸ್‌ಪಿ ಪೋರ್ಟಲ್ಲಿನ ಮೂಲಕ ಹೋಗುತ್ತವೆ. ಅಲ್ಲಿ ಕೇಳುವುದು ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ. ಆದಾಯ ಪತ್ರಕ್ಕೆ ಅವಧಿ ಉಂಟು. ಅವಧಿ ಮುಗಿದಿದೆ ಎಂದು ಗೊತ್ತಾಗುವುದು ಸಾಮಾನ್ಯವಾಗಿ ಸೈಬರ್ ಸೆಂಟರಿನಲ್ಲಿ, ಕೊನೇ ವಾರದಲ್ಲಿ, ನಾಡಕಚೇರಿಯ ಮುಂದೆ ಸಾಲು ಬೆಳೆದಾಗ. ಪತ್ರ ಯಾವ ತಿಂಗಳಿಗೆ ಮುಗಿಯುತ್ತದೆ ಎಂದು ಒಂದು ಸಾಲು ನಿಮ್ಮಲ್ಲಿದ್ದರೆ ಏಪ್ರಿಲಿನಲ್ಲೇ ಫೋನ್ ಮಾಡಿ "ಆದಾಯದ ಸರ್ಟಿಫಿಕೇಟ್ ಹೊಸದು ಮಾಡಿಸ್ಕೊಳ್ಳಿ, ಈಗ ಅಲ್ಲಿ ಜನ ಕಮ್ಮಿ" ಎನ್ನಬಹುದು. ಇನ್ನೊಂದು ಸಾಲು ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೋ ಇಲ್ಲವೋ ಎನ್ನುವುದು. ಮಂಜೂರಾದ ಹಣ ಖಾತೆಗೆ ಬೀಳದೆ ಅಲೆಯುವುದು ಹೆಚ್ಚಾಗಿ ಈ ಕಾರಣಕ್ಕೆ. ಈ ಎರಡು ಫೋನಿಗೆ ನಮ್ಮ ಖರ್ಚು ಐದು ನಿಮಿಷ. ಒಂದು ಸಾವಿರ ರೂಪಾಯಿ ಕೊಟ್ಟು ಕೈತೊಳೆದುಕೊಳ್ಳುವುದಕ್ಕಿಂತ ಇದು ಮೇಲೆಂದು ನನ್ನ ಅಭಿಪ್ರಾಯ. ದುಡ್ಡು ಕೊಡುವುದು ಬೇಡ ಎಂದಲ್ಲ. ದುಡ್ಡು ಈಸಿಕೊಂಡವರು ಮುಂದಿನ ಸಲ ಎದುರಿಗೆ ಸಿಕ್ಕಾಗ ತಲೆ ತಗ್ಗಿಸುತ್ತಾರೆ, ಮಾಹಿತಿ ಪಡೆದವರು ತಗ್ಗಿಸುವುದಿಲ್ಲ.

ಫೋನೋ, ನೋಟ್‌ಬುಕ್ಕೋ

ಇದಕ್ಕೆಂದೇ ಆಪ್‌ಗಳಿವೆ. ಸುಮಾರು ಜನ ಹಾಕಿಕೊಂಡು, ಹದಿನೈದು ದಿನ ತುಂಬಿಸಿ, ಬಿಟ್ಟುಬಿಡುತ್ತಾರೆ. ಇರುವ ಫೋನಿನ ಕಾಂಟ್ಯಾಕ್ಟ್ಸ್ ಸಾಕು, ಆದರೆ ಅದನ್ನು ಬಳಸುವ ರೀತಿ ಬದಲಾಗಬೇಕು.

ಮೊದಲು ನೋಡಬೇಕಾದದ್ದು ನಂಬರು ಎಲ್ಲಿ ಉಳಿದಿದೆ ಎಂಬುದು. ಸಿಮ್ಮಿನಲ್ಲಿ ಉಳಿಸಿದ್ದರೆ ಹೆಸರು, ನಂಬರು ಬಿಟ್ಟು ಹೆಚ್ಚೇನೂ ಹಿಡಿಸುವುದಿಲ್ಲ, ಅದೂ ಸಾಮಾನ್ಯವಾಗಿ 250 ಜನಕ್ಕೆ ಮುಗಿಯಿತು. ಫೋನಿನಲ್ಲಿ ಮಾತ್ರ ಉಳಿಸಿದ್ದರೆ ಫೋನ್ ಹೋದ ದಿನ ಎಲ್ಲವೂ ಹೋಯಿತು. ಗೂಗಲ್ ಖಾತೆಯಲ್ಲೋ ಆಪಲ್ ಖಾತೆಯಲ್ಲೋ ಉಳಿಸಿಕೊಳ್ಳಿ. ಅಲ್ಲಿ ಪ್ರತಿ ಹೆಸರಿನ ಕೆಳಗೆ ನೋಟ್ಸ್ ಎಂಬ ಜಾಗ ಇರುತ್ತದೆ. ನಮ್ಮ ಚಿಕ್ಕಮ್ಮನ ಪುಟ ಪೂರ್ತಿ ಅದರೊಳಗೆ ಕೂರುತ್ತದೆ. ಆ ಜಾಗ ಇದೆ ಎಂದೇ ಬಹಳ ಜನಕ್ಕೆ ಗೊತ್ತಿಲ್ಲ. ಲೇಬಲ್ ಅಥವಾ ಗ್ರೂಪ್ ಎಂಬ ಸೌಲಭ್ಯದಲ್ಲಿ "ರಕ್ತ", "ಪೆನ್ಷನ್", "ಮಕ್ಕಳು" ಎಂದು ಮೂರು ಮಾಡಿಕೊಂಡರೆ ಧಾರಾಳ. ಹತ್ತು ಮಾಡಿದರೆ ಯಾರನ್ನು ಯಾವುದಕ್ಕೆ ಹಾಕಿದ್ದು ಎಂದು ಹುಡುಕುವುದೇ ಕೆಲಸವಾಗುತ್ತದೆ.

ಹೆಸರು ಬರೆಯುವುದರಲ್ಲೂ ಸ್ವಲ್ಪ ಶಿಸ್ತು ಬೇಕು. ಒಂದು ಫೋನಿನಲ್ಲಿ ನಾಲ್ವರು ಮಂಜುನಾಥರು ಇರುವುದು ಕರ್ನಾಟಕದಲ್ಲಿ ಮಾಮೂಲು. ಹೆಸರಿನ ಹಿಂದೆ ಊರು, ಕಸುಬು ಸೇರಿಸಿ. ಕೆಲವನ್ನು ಕನ್ನಡದಲ್ಲಿ, ಕೆಲವನ್ನು ಇಂಗ್ಲಿಷಿನಲ್ಲಿ ಬರೆದರೆ ಹುಡುಕುವಾಗ ಅರ್ಧ ಜನ ಕಾಣಿಸುವುದೇ ಇಲ್ಲ. ಒಂದನ್ನು ಆರಿಸಿ ಅದಕ್ಕೇ ನಿಲ್ಲಿ. ದಿನಾಂಕದ ಕೆಲಸಗಳನ್ನು ಫೋನಿನ ಕ್ಯಾಲೆಂಡರಿಗೆ ಹಾಕಿ, ವರ್ಷವರ್ಷವೂ ತಾನೇ ನೆನಪಿಸುವ ಹಾಗೆ ಮಾಡಿ. ನೆನಪು ಮಾಡುವ ದಿನ ಕೊನೇ ದಿನವಾಗಿರಬಾರದು, ಎರಡು ವಾರ ಮುಂಚೆ ಇರಲಿ.

ಕಣ್ಣಿಗೆ ಫೋನು ಹಿಂಸೆ ಎನ್ನುವವರಿಗೆ ಇನ್ನೂರು ಪುಟದ ರಟ್ಟಿನ ನೋಟ್‌ಬುಕ್ ಯಾವುದಕ್ಕೂ ಕಡಿಮೆಯಿಲ್ಲ. ಒಂದು ಮನೆಗೆ ಒಂದು ಪುಟ, ಊರಿನ ಪ್ರಕಾರ. ಅಕ್ಷರಮಾಲೆಯ ಕ್ರಮಕ್ಕಿಂತ ಊರಿನ ಕ್ರಮ ಅನುಕೂಲ, ಯಾಕೆಂದರೆ ತುಮಕೂರಿಗೆ ಮದುವೆಗೆ ಹೊರಟಾಗ ತುಮಕೂರಿನ ಪುಟ ತೆಗೆದರೆ ನೋಡಿಬರಬೇಕಾದವರು ಯಾರು ಎಂದು ಒಮ್ಮೆಗೇ ಕಾಣುತ್ತದೆ. ಹಿಂದಿನ ಪುಟಗಳಲ್ಲಿ ಹನ್ನೆರಡು ತಿಂಗಳಿಗೆ ಒಂದೊಂದು ಹಾಳೆ ಬಿಟ್ಟು, ಆಯಾ ತಿಂಗಳಲ್ಲಿ ಫೋನ್ ಮಾಡಬೇಕಾದವರ ಹೆಸರು ಮಾತ್ರ ಬರೆಯಿರಿ.

ಒಂದು ಮನೆಗೆ ಎರಡು ನಂಬರು

ನಿಮ್ಮ ಫೋನಿನಲ್ಲಿರುವ ಐವತ್ತು ಮನೆಗಳನ್ನು ತೆಗೆದು ನೋಡಿ. ಬಹುಪಾಲು ಮನೆಗಳಿಗೆ ಯಜಮಾನರ ನಂಬರು ಮಾತ್ರ ಇರುತ್ತದೆ. ಆ ಮನುಷ್ಯ ಐಸಿಯುನಲ್ಲಿದ್ದಾಗ, ತೀರಿಕೊಂಡಾಗ, ಆ ಮನೆಯ ಜೊತೆಗಿನ ಕೊಂಡಿಯೇ ಕಡಿದುಹೋಗುತ್ತದೆ. ನೆರವು ತೀರಾ ಬೇಕಾಗುವುದು ಆಗಲೇ. ಹೆಂಡತಿಯದೋ ಮಗಳದೋ ನಂಬರನ್ನು ಯಜಮಾನರಿಂದಲೇ ಕೇಳಿ ತೆಗೆದುಕೊಂಡಿರಬೇಕು. "ನಿಮ್ದು ಸಿಗದಿದ್ರೆ ಯಾರಿಗೆ ಮಾಡ್ಲಿ?" ಎಂದರೆ ಯಾರೂ ಬೇಸರಿಸಿಕೊಳ್ಳುವುದಿಲ್ಲ.

ಮಕ್ಕಳು ಅಮೆರಿಕದಲ್ಲೋ ಜರ್ಮನಿಯಲ್ಲೋ ಇರುವ ಹಿರಿಯರ ಪುಟದಲ್ಲಿ ಮಗನ ನಂಬರಿಗಿಂತ ಮೇಲೆ ಬರಬೇಕಾದದ್ದು ಎದುರುಮನೆಯವರ ನಂಬರು. ರಾತ್ರಿ ಎರಡು ಗಂಟೆಗೆ ಬಾಗಿಲು ತೆಗೆಯುವವರು ಕ್ಯಾಲಿಫೋರ್ನಿಯಾದಲ್ಲಿಲ್ಲ. ನಮ್ಮ ಕೈಮೀರಿದ್ದಕ್ಕೆ ಬೇಕಾದ ನಂಬರುಗಳೂ ಅದೇ ಪುಸ್ತಕದ ಮೊದಲ ಹಾಳೆಯಲ್ಲಿರಲಿ: ಆಂಬುಲೆನ್ಸಿಗೆ 108, ಪೊಲೀಸ್ ಮತ್ತು ಎಲ್ಲ ತುರ್ತಿಗೆ 112, ಹಿರಿಯ ನಾಗರಿಕರ ಸಹಾಯವಾಣಿ 14567, ಮನಸ್ಸಿನ ತೊಂದರೆಗೆ ಕನ್ನಡದಲ್ಲೂ ಮಾತಾಡುವ ಟೆಲಿ ಮನಸ್ 14416, ಮಕ್ಕಳಿಗೆ 1098.

ನಂಬರು ಹಳೆಯದಾದರೆ ಅಪಾಯವೂ ಇದೆ. ರೀಚಾರ್ಜ್ ಇಲ್ಲದೆ ನಿಂತುಹೋದ ನಂಬರನ್ನು ಕನಿಷ್ಠ 90 ದಿನ ಬಿಟ್ಟು ಕಂಪನಿಗಳು ಬೇರೆಯವರಿಗೆ ಕೊಡುತ್ತವೆ. ಎರಡು ವರ್ಷ ಮಾತಾಡದೇ ಇದ್ದವರ ನಂಬರಿಗೆ ಏಕಾಏಕಿ ಸ್ಕ್ಯಾನಿಂಗ್ ರಿಪೋರ್ಟೋ ಖಾತೆ ಸಂಖ್ಯೆಯೋ ಕಳಿಸಿದರೆ ಅದು ಯಾವ ಅಪರಿಚಿತನ ಕೈ ಸೇರುತ್ತದೋ. ಮೊದಲು ಕರೆ ಮಾಡಿ, ದನಿ ಕೇಳಿ, ಆಮೇಲೆ ಕಳಿಸಬೇಕು. ಯುಗಾದಿಗೋ ದೀಪಾವಳಿಗೋ ಶುಭಾಶಯದ ಚಿತ್ರ ಫಾರ್ವರ್ಡ್ ಮಾಡುವ ಬದಲು ದಿನಕ್ಕೆ ಮೂವರಿಗೆ ಕರೆ ಮಾಡಿದರೆ ಹಬ್ಬದ ಹದಿನೈದು ದಿನದಲ್ಲಿ ಹೊರಸುತ್ತಿನ ನಲವತ್ತೈದು ನಂಬರು ಸರಿಯಾಗಿರುತ್ತವೆ.

ಕೊಟ್ಟ ಮಾತು

ಚಿಕ್ಕಮ್ಮನ ಪುಟದಲ್ಲಿ ಕೊನೆಯ ಸಾಲು "ನಾನು ಹೇಳಿದ್ದು" ಎಂದಿತ್ತು. ಇಡೀ ಪುಟದಲ್ಲಿ ಒಂದೇ ಸಾಲು ಉಳಿಸಿಕೊಳ್ಳಿ ಎಂದರೆ ಅದನ್ನೇ ಉಳಿಸಿಕೊಳ್ಳುತ್ತೇನೆ. ವಿಚಾರಿಸ್ತೀನಿ, ಕೇಳಿ ಹೇಳ್ತೀನಿ, ಒಬ್ರು ಗೊತ್ತಿದ್ದಾರೆ ಮಾತಾಡ್ತೀನಿ ಎಂದು ನಾವು ಸಲೀಸಾಗಿ ಆಡುವ ಮಾತನ್ನು ಕೇಳಿಸಿಕೊಂಡವರು ದಿನ ಎಣಿಸುತ್ತಾ ಕಾಯುತ್ತಾರೆ. ಮತ್ತೆ ಜ್ಞಾಪಿಸುವುದು ಅವರಿಗೆ ಸಂಕೋಚ, ಬೇರೆ ಕಡೆ ಕೇಳುವುದೂ ಸಂಕೋಚ. ಆಗುವುದಿಲ್ಲ ಎಂದು ಗೊತ್ತಾದರೆ ಆ ದಿನವೇ ಹೇಳಿಬಿಟ್ಟರೆ ಅವರು ಬೇರೆ ದಾರಿ ನೋಡಿಕೊಳ್ಳುತ್ತಾರೆ.

ಮಾಡಿದ್ದರ ಲೆಕ್ಕ ಮಾತ್ರ ಬರೆಯಬೇಡಿ. ಮುಯ್ಯಿ ಪುಸ್ತಕಕ್ಕೆ ಅದರ ನ್ಯಾಯ ಇದೆ, ಅಲ್ಲಿ ಎರಡು ಕಡೆಯೂ ಸಮ. ನೆರವಿನ ಪುಸ್ತಕದಲ್ಲಿ "ಇವರಿಗೆ ಇಂತಿಷ್ಟು ಮಾಡಿದ್ದೇನೆ" ಎಂಬ ಕಲಂ ಬಂತೆಂದರೆ, ಮುಂದಿನ ಸಲ ಫೋನಿನಲ್ಲಿ ನಮ್ಮ ದನಿಯೇ ಬದಲಾಗಿರುತ್ತದೆ. ಕೆಲಸ ಆಯಿತೋ ಇಲ್ಲವೋ ಎಂದಷ್ಟೇ ಒಂದು ಗೆರೆ ಎಳೆದರೆ ಸಾಕು.

ಇಬ್ಬರನ್ನು ಪರಿಚಯಿಸುವಾಗಲೂ ಒಂದು ಕ್ರಮ ಇದೆ. ಯಾರದೋ ಮಗಳಿಗೆ ಕೆಲಸ ಬೇಕು, ನಮ್ಮ ಹಳೆಯ ಗೆಳೆಯನ ಕಂಪನಿಯಲ್ಲಿ ಜಾಗ ಖಾಲಿ ಇದೆ. ಗೆಳೆಯನ ನಂಬರನ್ನು ತಕ್ಷಣ ಕೊಟ್ಟುಬಿಡುವುದು ಔದಾರ್ಯದಂತೆ ಕಂಡರೂ ಅದು ಅವನ ನಂಬರು, ನಮ್ಮದಲ್ಲ. ಮೊದಲು ಅವನಿಗೆ ಕರೆ ಮಾಡಿ, ಹುಡುಗಿ ಏನು ಓದಿದ್ದಾಳೆ ಎಂದು ಎರಡು ಮಾತು ಹೇಳಿ, ಫೋನ್ ಮಾಡಿಸಲೇ ಎಂದು ಕೇಳಿ, ಯಾವ ಹೊತ್ತು ಅನುಕೂಲ ಎಂದು ತಿಳಿದುಕೊಂಡು ಕೊಟ್ಟರೆ ಅವಳ ಕರೆಯನ್ನು ಅವನು ಎತ್ತುತ್ತಾನೆ. ಇಲ್ಲದಿದ್ದರೆ ಗೊತ್ತಿಲ್ಲದ ನಂಬರೆಂದು ಕಟ್ ಮಾಡುತ್ತಾನೆ.

ಬರೆಯಬಾರದ್ದು

ಆಧಾರ್ ಸಂಖ್ಯೆ, ಎಟಿಎಂ ಪಿನ್, ಪಾಸ್‌ವರ್ಡ್ ಯಾರದನ್ನೂ ಬರೆದಿಟ್ಟುಕೊಳ್ಳಬೇಡಿ, ಅವರೇ ಕೊಟ್ಟರೂ. ಚಿಕ್ಕಮ್ಮನ ಪುಟದಲ್ಲಿ ಪಿಪಿಓ ಎಲ್ಲಿದೆ ಎಂದಿದೆಯೇ ಹೊರತು ಅದರ ಸಂಖ್ಯೆ ಇಲ್ಲ. ಕಾಗದ ಇರುವ ಜಾಗ ಗೊತ್ತಿದ್ದರೆ ಸಾಕು. ಗುಟ್ಟಾಗಿ ಹೇಳಿದ ಕಾಯಿಲೆ, ಗಂಡ ಹೆಂಡಿರ ವಿಷಯ, ಸಾಲಗಾರರ ಕಾಟ ಇವು ಬರಹಕ್ಕೆ ಇಳಿಯಬಾರದು. ಇಳಿಯಲೇಬೇಕಾದರೆ ನಮಗೆ ಮಾತ್ರ ತಿಳಿಯುವ ಒಂದು ಗುರುತು ಹಾಕಿಕೊಳ್ಳಬಹುದು. ಬರೆದ ಸಾಲನ್ನು ಆ ಮನುಷ್ಯರೇ ಓದಿದರೆ ಮುಖ ಸಣ್ಣದಾಗುತ್ತದೆಯೇ ಎಂದು ಕೇಳಿಕೊಳ್ಳಿ, ಹೌದಾದರೆ ಹೊಡೆದುಹಾಕಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸ್ವಂತ ಮತ್ತು ಮನೆಬಳಕೆಗೆ ಇಟ್ಟುಕೊಂಡ ಮಾಹಿತಿಯನ್ನು ಹೊರಗಿಟ್ಟಿದೆ. ನಮ್ಮ ಪಟ್ಟಿಗೆ ಯಾರ ಪರವಾನಗಿಯೂ ಬೇಡ. ಆದರೆ ಅದೇ ಪಟ್ಟಿಯನ್ನು ಸಂಘಕ್ಕೋ ಪಕ್ಷಕ್ಕೋ ಚೀಟಿ ನಡೆಸುವವರಿಗೋ ಕೊಟ್ಟರೆ ಅದು ಮನೆಬಳಕೆ ಆಗುವುದಿಲ್ಲ. ಹೊಸ ಆಪ್ ಹಾಕುವಾಗ ಕಾಂಟ್ಯಾಕ್ಟ್ಸ್ ನೋಡಲು ಅನುಮತಿ ಕೇಳುತ್ತದಲ್ಲ, ಟಾರ್ಚ್ ಆಪ್‌ಗೂ ಆಟಕ್ಕೂ ಅದನ್ನು ಕೊಟ್ಟರೆ ನಾವು ಕೊಟ್ಟಿದ್ದು ನಮ್ಮ ನಂಬರನ್ನಲ್ಲ, ಊರವರದ್ದು.

ಕೊನೆಗೆ, ನಾವೇ ಮಲಗಿದರೆ ಈ ಪುಸ್ತಕ ಯಾರ ಕೈಗೆ? ರಕ್ತದ ಪಟ್ಟಿ, ಪಿಂಚಣಿಯ ತಿಂಗಳುಗಳು ಮನೆಯಲ್ಲಿ ಇನ್ನೊಬ್ಬರಿಗೆ ಓದಲು ಬರುವಂತಿರಲಿ. ಫೋನಿನಲ್ಲಿದ್ದರೆ ಆರು ತಿಂಗಳಿಗೊಮ್ಮೆ ಎಕ್ಸ್‌ಪೋರ್ಟ್ ಒತ್ತಿ. ವಿಸಿಎಫ್ ಎಂಬ ಒಂದು ಕಡತ ಬರುತ್ತದೆ, ಅದು ಯಾವ ಫೋನಿನಲ್ಲಾದರೂ ತೆರೆದುಕೊಳ್ಳುತ್ತದೆ. ಪೆನ್‌ಡ್ರೈವಿನಲ್ಲೋ ಲ್ಯಾಪ್‌ಟಾಪಿನಲ್ಲೋ ಹಾಕಿ, ಎಲ್ಲಿದೆ ಎಂದು ಮನೆಯವರಿಗೆ ಹೇಳಿ. ನೋಟ್‌ಬುಕ್ಕಾದರೆ ಯಾವ ಬೀರು, ಯಾವ ಖಾನೆ ಎಂದು ಹೇಳಿದರೆ ಆಯಿತು.